ಮಡಚುವ ನೆತ್ತಿ

ಅಣ್ಣಿಗೇರಿ ಜಿನ್ನಿನ ಗೋದಾಮಿನಿಂದ
ಟ್ರಾಲಿ ಮ್ಯಾಲ ಬಂತು, ಹಿಂದುಮುಂದಾಗಿ.
ಹಂಗಾಗಿ ನಾ ಮೊದಲ ನೋಡಿದ್ದು ಅದರ ಬಾಲ:
ಈ ಕಡೆ ಮೂರು ದುಂಡು ದೀಪ, ಆ ಕಡೆ ಮೂರು,
ಒಂದರ ಗಾಜು ಒಡದು ಒಳಗ
ಕುಂಬಾರ ಹುಳ ಕಟ್ಟಿದ ಮಣ್ಣಿನ ಮನಿ.

"ಮೂರಿದ್ರ ಇಂಪಾಲಾ, ಎರಡಿದ್ರ ಅದರ ಬಡ ತಮ್ಮ" —
ಅಪ್ಪ ಹೇಳತಿದ್ದ, ಬಾಯಾಗ ಸಣ್ಣ ಮೊಳಿ ಕಚ್ಚಿಕೊಂಡು.
"ಇಂಪಾಲಾ ಅಂದ್ರ ಆಫ್ರಿಕಾದ ಚಿಗರಿ, ದಾವಲಬೀ,
ನೋಡು, ಪಕ್ಕಡಿ ಮ್ಯಾಲ ಜಿಗಿಯಾಕತ್ತೈತಿ."

ಐವತ್ತೆಂಟರಾಗ ಹುಟ್ಟಿತು, ಶೆವ್ರೊಲೆ ಮನಿತನದ ದುಬಾರಿ ಕೂಸು.
ಮರುವರ್ಷ ರೆಕ್ಕಿ ಬಂದವು, ಅಡ್ಡಡ್ಡ,
ಹದ್ದು ಇಳಿಯೋ ಮುಂದ ಚಾಚತೈತಲ್ಲ, ಹಂಗ;
ರೆಕ್ಕಿ ಕೆಳಗ ಬೆಕ್ಕಿನ ಕಣ್ಣು.
ಅರವತ್ತಕ್ಕ ರೆಕ್ಕಿ ಒಂದೀಟು ತಗ್ಗಿ
ದುಂಡು ದೀಪ ತಿರುಗಿ ಬಂದವು. ಇದು ಆ ವರ್ಷದ್ದು.
ಆಮ್ಯಾಲ ರೆಕ್ಕಿ ಕತ್ತರಿಸಿದರು, ಮೈ ಚೌಕಾತು,
ಎಪ್ಪತ್ತೆರಡರ ಮುಂದ ಇಂಪಾಲಾಕ್ಕ
ಬಟ್ಟಿ ಟಾಪ್ ಹೊಲಿಯೋದ ಬಂದಾತು, ಅಲ್ಲೆ, ಸಮುದ್ರದಾಚಿ.
ಇಲ್ಲೆ ಬಂಕಾಪುರ ಚೌಕದಾಗ
ನಾವಿನ್ನೂ ಹೊಲಿಯಾಕತ್ತೇವಿ.

"ತಗಡು ವೆಲ್ಡ್ ಮಾಡಿಸಿಬಿಡೋಣ್ರಿ, ಏಸಿ ಕೂಡಸ್ತೀನಿ"
ಅಂದ ಹೊಸ ಮಾಲಕ ಶ್ರೇಣಿಕ ಬೋಗಾರ,
"ಹುಬ್ಬಳ್ಳಿ ಧೂಳಿಗೆ ತೆರದ ಗಾಡಿ ಕೂಡಂಗಿಲ್ಲ."
ವೆಲ್ಡ್ ಮಾಡಾವ ಎದುರಿಗೇ ಅದಾನ್ರಿ, ಅಂದೆ.
ಆದ್ರ ಬಗ್ಗಿ ಕೆಳಗ ನೋಡ್ರಿ:
ನೆತ್ತಿ ಮೆತ್ತಗ ಅಂತ ಸೊಂಟ ಗಟ್ಟಿ ಮಾಡಿ ಕಳಿಸ್ಯಾರ.
ತಗಡು ಹೊರಿಸಿ
ಆ ಸೊಂಟಕ್ಕ ಅವಮಾನ ಮಾಡಬ್ಯಾಡ್ರಿ.

ಅಂವ ಬಗ್ಗಲಿಲ್ಲ. ಬಿಳಿ ಪ್ಯಾಂಟು.
ಹೂಂ ಅಂದ.

ಹಳೀ ಕ್ಯಾನ್ವಾಸ್ ಬಿಚ್ಚಿದೆ.
ಟಾಪಿನ ಕಮಾನಿಗೆ ಬಿಗಿದ ದಿಂಡಿನ್ಯಾಗ
ಅಪ್ಪನ ಎಡಗೈ ಹೊಲಿಗಿ, ಬಲದಿಂದ ಎಡಕ್ಕ ವಾಲಿದ್ದು,
ಊರಾಗ ಮತ್ತ್ಯಾರೂ ಹಂಗ ಹೊಲಿತಿರಲಿಲ್ಲ.
ಅಂವ ಎಂದೂ ಹೇಳಿರಲಿಲ್ಲ, ಈ ಗಾಡಿ ಮುಟ್ಟೇನಿ ಅಂತ.
ಹೊಲಿಗಿ ಒಳಗ ಅಜ್ಜ ಬಿಲ್ಲು ಬಡದ ಜಯಧರ ಹತ್ತಿ,
ಹತ್ತ್ಯಾಗ ಒಂದು ಬೀಜದ ಸಿಪ್ಪಿ,
ಅಜ್ಜನ ಬಿಲ್ಲಿಗೆ ತಪ್ಪಿಸಿಕೊಂಡದ್ದು.
ಕಾರಿಗಿಂತ ನೂರು ವರ್ಷ ಮೊದಲ
ಅಮೇರಿಕಾದ ಹತ್ತಿ ಬೀಜ ಈ ಎರಿನೆಲಕ್ಕ ಬಂದಿತ್ತಂತ.
ನಮ್ಮ ಹತ್ತಿ ಅದರ ನೆತ್ತಿಗೆ ಹೋತು.
ಲೆಕ್ಕ ಸಮ ಆತೋ ಏನೋ, ನಂಗ ಗೊತ್ತಿಲ್ಲ.
ಸಿಪ್ಪಿ ಒಗೀಲಿಲ್ಲ. ಹತ್ತಿನೂ.
ಹೊಸಾ ದಿಂಡಿನ್ಯಾಗ ಹಳೇದ ತುಂಬಿ ಹೊಲದೆ.

ಹದಿನೇಳು ದಿನ. ಮೂರು ಸೂಜಿ ಮುರದವು.
ಟಾಪ್ ಎತ್ತೋ ಮೋಟರ್ ಎಣ್ಣಿ ಕುಡಿದು
ಎಲ್ಲಾ ನೆಲಕ್ಕ ಉಗುಳಿತು.
ನಾಕು ಮಂದಿ ಹಿಡದು ಮಡಚಿದಿವಿ,
ಮದುವಿ ಮನಿ ಜಮಖಾನಿ ಮಡಚಿದಂಗ.

ಟ್ರಯಲ್‌ಗೆ ಧಾರವಾಡದ ಕಡೆ ಹೊಂಟಿವಿ.
ಎಡಗಡೆ ಸ್ಟೇರಿಂಗ್, ಅಲ್ಲೆ ಮಾಲಕ;
ಬಲಗಡೆ ನಾ, ಬರೀಗೈಲೆ.
ರಸ್ತೆದಾಗಿನ ಮಂದಿ ನಾನ ಹೊಡಿಯಾಕತ್ತೇನಿ ಅಂದಕೊಂಡರು.
ನಾ ತಿದ್ದಲಿಲ್ಲ,
ಕೈ ಬೀಸಿದೆ.

ಉಣಕಲ್ ಸಿಗ್ನಲ್ಲಿಗೆ ನಿಂತಿವಿ. ಪಕ್ಕದ ಕಟಕಟೆಯೊಳಗ
ಚಿಗರಿ ಬಸ್ಸು ಬಂದು ನಿಂತಿತು,
ಬಾಗಿಲಾ ಕಿಡಕಿ ಎಲ್ಲಾ ಮುಚ್ಚಿ, ತಂಪ ತಂಪಾಗಿ.
ಒಳಗಿನವರಿಗೆ ನಮ್ಮ ನಡುಬೈತಲಿ ತನಕ ಕಾಣಾಕತ್ತಿತ್ತು.
ಡ್ರೈವರ್ ತನ್ನ ಕಡೆ ಗಾಜು ಸರಿಸಿ ಕೇಳಿದ:
"ಅವ್ವಾರ, ಟಾಪ್ ಹಾರಿ ಹೋತೇನ್ರಿ?"
"ಇಲ್ಲೋ ಯಪ್ಪಾ, ಹೊಸಾದೈತಿ. ಮಡಚಿಟ್ಟೇನಿ."

ಮಾಲಕನ ತಲಿ ತುಂಬ ಧೂಳು,
ತಗಡಿನ ಮಾತು ತಗೀಲಿಲ್ಲ.
ಹಸರು ಬಿತ್ತು. ಅವರ ಚಿಗರಿ ಜಿಗದು ಹೋತು.
ನಮ್ಮದು ಎರಡು ಸಲ ಕೆಮ್ಮಿತು,
ಮೂರನೇ ಸಲಕ್ಕ ಹತ್ತೂದರಾಗ
ಮತ್ತ ಕೆಂಪು.